ಮೇಲ್ಮುಖದ ಉತ್ತರಾಣಿ

ಮೊದಲಿಗೇ ಹೇಳಿಬಿಡುತ್ತೇನೆ, ಇಲ್ಲಿ ನಡೆದ ತಪ್ಪು ನನ್ನದು. ಮೂವತ್ತೊಂದು ವರ್ಷ ಹಾನಗಲ್ಲ ತಾಲೂಕಿನ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದವನು ನಾನು, ಚನ್ನವೀರಪ್ಪ ಮಾಸ್ತರ. ಮಕ್ಕಳ ಹಾಳೆಗಳ ಮೇಲೆ ಕೆಂಪು ಪೆನ್ನಿನಿಂದ ಗೀಚಿ ಗೀಚಿ ನಿವೃತ್ತನಾದೆ. ನನ್ನ ಹಾಳೆಯನ್ನು ಮಾತ್ರ ಯಾರೂ ತಿದ್ದಲಿಲ್ಲ. ತಿದ್ದಿದವಳು ಒಬ್ಬಳೇ, ತಿಳವಳ್ಳಿಯ ಶಾರವ್ವ. ಅವಳಿಗೆ ಸಹಿ ಮಾಡಲೂ ಬರುವುದಿಲ್ಲ.

ಆದರೆ ನಾನು ಬರೆಯಲು ಕುಳಿತಿರುವುದು ಅವಳ ಮಗಳು ಸುಜಾತಾಳ ಬಗ್ಗೆ. ಈಗ ಅವಳಿಗೆ ಇಪ್ಪತ್ತೇಳು. ಸವಣೂರಿನಲ್ಲಿ ಒಂದು ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇದ್ದು ಬೆಳ್ಳಿ ಕೆಲಸ ಮಾಡುತ್ತಾಳೆ. ಕಾಲ್ಗೆಜ್ಜೆ, ಉಡದಾರ, ಕುಂಕುಮದ ಭರಣಿ ಮಾಡುವುದಿಲ್ಲ. ಹೊಲದ ಕಸ ಮಾಡುತ್ತಾಳೆ! ತುಂಬೆ ಹೂವಿನ ಮೂಗುಬೊಟ್ಟು, ಜೇಕಿನ ಗಡ್ಡೆ ಪೋಣಿಸಿದಂಥ ಸರ, ಮುಟ್ಟಿದರೆ ಮುನಿ ಎಲೆಯ ಬಳೆ, ನೆಗ್ಗಿನಮುಳ್ಳಿನ ಉಂಗುರ. ತಿಂಗಳಿಗೊಮ್ಮೆ ಎರಡು ಡಬ್ಬಿ ತುಂಬಿಕೊಂಡು ಧಾರವಾಡವೋ ಹುಬ್ಬಳ್ಳಿಯೋ ಬೆಳಗಾವಿಯೋ, ಕರಕುಶಲದವರ ಸಂತೆ ಎಲ್ಲಿ ಕೂಡುತ್ತದೋ ಅಲ್ಲಿಗೆ ಬಸ್ಸು ಹತ್ತುತ್ತಾಳೆ. ಪೇಟೆಯವರು ಕೊಳ್ಳುತ್ತಾರೆ. ಅವರಿಗೆ ಆ ಗಿಡಗಳ ಹೆಸರು ಗೊತ್ತಿಲ್ಲ. ಹೆಸರು ಗೊತ್ತಿರುವ ನಮ್ಮ ಕಡೆಯವರು ಕೊಳ್ಳುವುದಿಲ್ಲ. ಹಿತ್ತಲಲ್ಲಿ ಪುಕ್ಕಟೆ ಬೆಳೆಯುವುದಕ್ಕೆ ಬೆಳ್ಳಿ ಯಾಕೆ ದಂಡ ಮಾಡಬೇಕು ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನಮ್ಮದು ತಿಳವಳ್ಳಿಯಲ್ಲಿ ಎಂಟು ಎಕರೆ, ಹಾನಗಲ್ಲ ರಸ್ತೆಗೆ ಹತ್ತಿಯೇ ಇದೆ. ಭತ್ತ, ಒಂದು ಕಡೆಗೆ ಗೋವಿನಜೋಳ. ನಮ್ಮ ಮನೆತನದವರು ಯಾರೂ ಆ ಹೊಲದಲ್ಲಿ ಬಗ್ಗಿದವರಲ್ಲ, ಬದುವಿನ ಮೇಲೆ ಕೊಡೆ ಹಿಡಿದು ನಿಂತವರು. ಕಸ ತೆಗೆಯಲು ಹೆಣ್ಣಾಳುಗಳ ಗುಂಪು ಬರುತ್ತಿತ್ತು. ಅದರಲ್ಲಿ ಶಾರವ್ವನೂ ಒಬ್ಬಳು. ಗಂಡ ನೀಲಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಮನೆಯ ಗೋಡೆಗೆ ಬುದ್ಧನ ಫೋಟೋ ಹಾಕಿ, ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರನ್ನೇ ಮಗಳಿಗೆ ಇಟ್ಟವನು. ಮಗಳು ಆರನೆಯ ಇಯತ್ತೆಯಲ್ಲಿದ್ದಾಗ ಅವನು ತೀರಿಕೊಂಡ. ಶಾರವ್ವ ಮಗಳನ್ನು ಹಾನಗಲ್ಲಿನ ಹಾಸ್ಟೆಲಿಗೆ ಹಾಕಿದಳು. ನನ್ನ ತರಗತಿಗೆ ಬಂದದ್ದು ಹಾಗೆ.

ಒಂದು ಶನಿವಾರ ಮಧ್ಯಾಹ್ನ ಹುಡುಗಿ ಹಾಸ್ಟೆಲಿನಿಂದ ಬಂದವಳೇ ಸೀದಾ ಹೊಲಕ್ಕೆ ಓಡಿ ಬಂದಳು. ಅವ್ವನ ಸಾಲಿನಲ್ಲಿ ತಾನೂ ಬಗ್ಗಬೇಕೆಂದು ಲಂಗ ಮೇಲೆ ಕಟ್ಟಿಕೊಂಡಳು. ಶಾರವ್ವ ಎದ್ದು ನಿಂತು ಒಂದು ಮಣ್ಣಿನ ಹೆಂಟೆ ಎತ್ತಿ ಬೀಸಿ ಒಗೆದಳು. ಅದು ಹುಡುಗಿಯ ಕಾಲ ಬಳಿ ಬಿದ್ದು ಪುಡಿಯಾಯಿತು. "ಹೊಲದಾಗ ಕಾಲಿಟ್ಟೀ ಅಂದ್ರ ಕಾಲ ಮುರೀತೇನಿ, ಹೋಗ ಮನೀಗೆ!" ಎಂದು ಕೂಗಿದಳು. ಹುಡುಗಿ ಅಳುತ್ತ ಹೋದಳು. ಎಂಥ ಕಲ್ಲುಮನಸ್ಸಿನ ಹೆಂಗಸು ಇವಳು ಎಂದುಕೊಂಡೆ ನಾನು. ಕೊಡೆಯ ನೆರಳಿನಲ್ಲಿ ನಿಂತವರಿಗೆ ಇಂಥ ತೀರ್ಪು ಕೊಡುವುದು ಬಹಳ ಸುಲಭ.

ಶಾರವ್ವನಿಗೆ ಮಗಳು ಸರ್ಕಾರಿ ನೌಕರಿ ಹಿಡಿಯಬೇಕೆಂದಿತ್ತು. ಮಗಳು ಬಿ.ಎ. ಮುಗಿಸಿ ಧಾರವಾಡದಲ್ಲಿ ಆರು ತಿಂಗಳ ಆಭರಣದ ತರಬೇತಿಗೆ ಸೇರಿಕೊಂಡಳು. ಮುಂದೆ ಸವಣೂರಿನ ಉಳಿವೆಪ್ಪ ಪತ್ತಾರರ ಹತ್ತಿರ ಕೆಲಸ ಕಲಿಯಲು ಹೋದಳು. ಎಪ್ಪತ್ತು ದಾಟಿದ, ಕಣ್ಣು ಮಂಜಾದ ಮುದುಕರು. ಗಂಡುಮಕ್ಕಳಿಬ್ಬರೂ ಶಿಗ್ಗಾವಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದರು. ಈ ಹುಡುಗಿಯ ಕೈ ಅಲುಗುವುದಿಲ್ಲ ಎಂದು ಮುದುಕರು ಇಟ್ಟುಕೊಂಡರು, ಆದರೆ ಚಹಾಕ್ಕೆ ಅವಳ ಗ್ಲಾಸು ಬೇರೆ ಇಟ್ಟರು. ಅದನ್ನು ಕೇಳಿ ನಾನು ಸಿಟ್ಟಿಗೆದ್ದು ಬೈಯಲು ಹೊರಟಿದ್ದೆ. ಅವಳೇ ತಡೆದಳು. ಒಂದು ದಿನ ಮುದುಕರು ಕಣ್ಣು ಕಾಣದೆ ಅವಳ ಗ್ಲಾಸಿನಲ್ಲೇ ಚಹಾ ಕುಡಿದುಬಿಟ್ಟರಂತೆ. ಗೊತ್ತಾದ ಮೇಲೆ ಗ್ಲಾಸು ಕೆಳಗಿಟ್ಟು, "ರುಚಿ ಏನೂ ಬ್ಯಾರೆ ಇಲ್ಲ ಬಿಡವಾ" ಎಂದರಂತೆ. ಅಂದಿನಿಂದ ಗ್ಲಾಸು ಗುರುತಿಸುವುದನ್ನು ಬಿಟ್ಟರು. ಎರಡು ವರ್ಷದ ಹಿಂದೆ ತೀರಿಕೊಳ್ಳುವಾಗ ಊದುಗೊಳವೆ, ಚಿಮಟ, ಸಣ್ಣ ಸುತ್ತಿಗೆ ಎಲ್ಲ ಅವಳಿಗೇ ಬಿಟ್ಟು ಹೋದರು.

ಅವರು ಹೋದ ಮೇಲೆ ಆ ಖೋಲಿಯಲ್ಲಿ ಅವಳೊಡನೆ ಮಾತಾಡುವವರು ಯಾರೂ ಉಳಿಯಲಿಲ್ಲ. ಓಣಿಯ ಹೆಂಗಸರು ಎದುರು ಬಂದರೆ ನಗುತ್ತಾರೆ, ಒಳಗೆ ಕರೆಯುವುದಿಲ್ಲ. ಮದುವೆಯಾಗದ ಹುಡುಗಿ, ಬೆಂಕಿ ಊದುವ ಕೆಲಸ, ಯಾವ ಮಂದಿಯವಳೋ ಏನೋ. ಬೆಳಗಿನಿಂದ ಬಗ್ಗಿ ಕುಳಿತು ಒಂದು ಹೂವಿನ ಎಸಳು ಸರಿಯಾಗಿ ಕೂತಾಗ, "ಅಜ್ಜಾರ, ನೋಡ್ರಿ" ಎಂದು ತಿರುಗುತ್ತಿದ್ದಳಂತೆ. ತಿರುಗಿದ ಮೇಲೆ ನೆನಪಾಗುತ್ತಿತ್ತಂತೆ. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು ನನಗೆ ಕಳಿಸುತ್ತಿದ್ದಳು. ನಾನು ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗುತ್ತಿದ್ದೆ. ಒಂದು ಸಾಲು ಬರೆಯಲು ನನಗೇನಾಗಿತ್ತು ಎಂದು ಈಗ ನಾಚಿಕೆಯಾಗುತ್ತದೆ.

ಸಂಜೆ ಏಳಕ್ಕೆ ತಿಳವಳ್ಳಿಯಿಂದ ಅವ್ವನ ಫೋನು. "ಉಂಡ್ಯಾ?" "ಉಣ್ತೇನಿ. ನೀ ಉಂಡ್ಯಾ?" "ಹ್ಞೂಂ." ಇಷ್ಟೇ. ದಿನಕ್ಕೆ ಅವಳ ಕಿವಿಗೆ ಬೀಳುತ್ತಿದ್ದ ಪ್ರೀತಿಯ ಮಾತೆಂದರೆ ಅದೊಂದೇ.

ಅವಳಿಗೆ ಒಂದೇ ಆಸೆ ಇತ್ತು. ತಾನು ಮಾಡಿದ್ದನ್ನು ಒಂದಾದರೂ ಅವ್ವ ಮೈಮೇಲೆ ಹಾಕಿಕೊಳ್ಳಬೇಕು. ಊರವರು ಬೇಡ, ಪೇಟೆಯವರು ಬೇಡ, ಅವ್ವ. ಮೊದಲು ಮಾಡಿದ ತುಂಬೆ ಹೂವಿನ ಬೆಂಡೋಲೆ ಒಯ್ದು ಕೊಟ್ಟಿದ್ದಳು. ಶಾರವ್ವ ಅಂಗೈಯಲ್ಲಿ ಇಟ್ಟುಕೊಂಡು ನೋಡಿ ತಿರುಗಿ ಕೊಟ್ಟಳು.

"ಗಂಡ ಹೋದ ಮ್ಯಾಲ ನನಗೆಂಥಾ ಒಡವಿ?"

"ಅಪ್ಪ ಇದ್ದಾಗ ಈ ಮನ್ಯಾಗ ಆ ಶಾಸ್ತ್ರ ಇರಲಿಲ್ಲ ಬೇ."

"ಶಾಸ್ತ್ರ ಬಿಡು. ದಿನಾ ಕಿತ್ತು ಬದುವಿಗೆ ಒಗೀತೇನಿ ಇದನ್ನ. ಕಿವ್ಯಾಗ ಹಾಕ್ಕೊಂಡು ಕುಂದ್ರಲೇನು?"

ಎರಡು ವರ್ಷದಲ್ಲಿ ನಾಲ್ಕು ಸಲ ಒಯ್ದಳು, ನಾಲ್ಕು ಸಲವೂ ತಿರುಗಿ ತಂದಳು. ಕೊನೆಗೆ ಇನ್ನೂ ಚೆಂದದ್ದು ಮಾಡಬೇಕೆಂದು ಉತ್ತರಾಣಿ ಆರಿಸಿಕೊಂಡಳು. "ಸರ್, ಉತ್ತರಾಣಿ ತೆನಿ ಒಂದು ಚಿತ್ರ ಬರದು ಕಳಸ್ರಿ" ಎಂದು ನನಗೆ ಫೋನು ಮಾಡಿದಳು. ನಾನು ಎದ್ದು ಹಿತ್ತಲಿಗೆ ಹೋಗಿದ್ದರೆ ಒಂದಲ್ಲ ಹತ್ತು ಗಿಡ ಸಿಗುತ್ತಿದ್ದವು. ಹೋಗಲಿಲ್ಲ. ಮಾಸ್ತರನಲ್ಲವೇ, ಎಲ್ಲ ತಲೆಯಲ್ಲೇ ಇದೆ ಎಂಬ ಗರ್ವ. ಆರಾಮಕುರ್ಚಿಯಲ್ಲಿ ಕುಳಿತೇ ಬರೆದೆ. ನೀಳವಾದ ಕಡ್ಡಿ, ಅದರ ಸುತ್ತ ಸಣ್ಣ ಸಣ್ಣ ಮುಳ್ಳುಗಾಳು, ಎಲ್ಲವೂ ಗೋಧಿ ತೆನೆಯಂತೆ ಆಕಾಶ ನೋಡುತ್ತಿದ್ದವು. ಕೆಳಗೆ ಬಳ್ಳಿಯಕ್ಷರದಲ್ಲಿ ಹೆಸರನ್ನೂ ಬರೆದೆ.

ಆ ಚಿತ್ರ ನೋಡಿಕೊಂಡು ಅವಳು ಒಂಬತ್ತು ದಿನ ಕೆಲಸ ಮಾಡಿದಳು. ಬೆಳ್ಳಿ ತಂತಿಯ ಕಡ್ಡಿಗೆ ಒಂದೊಂದು ಕಾಳನ್ನೂ ಬೇರೆ ಬೇರೆ ಬೆಸೆದಳು, ಒಂದು ಓಲೆಗೆ ನಲವತ್ತು ಕಾಳು. ಕಿವಿಯಿಂದ ಇಳಿಬಿದ್ದರೆ ಸಣ್ಣಗೆ ಹೊಳೆಯುತ್ತಿತ್ತು. ನಾನು ಕಂಡ ಅವಳ ಕೆಲಸಗಳಲ್ಲೆಲ್ಲ ಅದೇ ಹೆಚ್ಚಿನದು, ಈಗಲೂ ಹಾಗೇ ಅನ್ನುತ್ತೇನೆ.

ಈ ಸಲ ಊರಿಗೆ ಒಯ್ದು ಕೊಡಲಿಲ್ಲ. ಜನವರಿಯಲ್ಲಿ ಧಾರವಾಡದಲ್ಲಿ ಸಂತೆ ಇತ್ತು, ಹೊಲದಲ್ಲಿ ಕೆಲಸ ಇರಲಿಲ್ಲ. ಅವ್ವನನ್ನೇ ಕರೆದುಕೊಂಡು ಹೋದಳು. ನಾಲ್ಕು ಮಂದಿ ಮೆಚ್ಚುವುದನ್ನು ಕಣ್ಣಾರೆ ಕಂಡರೆ ಅವ್ವನ ಮನಸ್ಸು ತಿರುಗೀತು ಎಂಬ ಲೆಕ್ಕ. ನಾನೂ ಹೋಗಿದ್ದೆ, ನೋಡಲಿಕ್ಕೆಂದು.

ಶಾರವ್ವ ಮೇಜಿನ ಹಿಂದಿನ ಸ್ಟೂಲಿನ ಮೇಲೆ ಕಾಲು ಮಡಚಿ ಕುಳಿತಳು. ಸುಜಾತಾ ಚಹಾ ತರಲು ಹೋದಳು. ಅಷ್ಟರಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬರು ಬಂದು ತುಂಬೆಯ ಮೂಗುಬೊಟ್ಟು ಎತ್ತಿ, "ಎಷ್ಟು ಚಂದ ಇದೆ! ಯಾವ ಹೂ ಇದು?" ಎಂದರು.

"ಕಸರೀ ಅದು," ಎಂದಳು ಶಾರವ್ವ. "ಇದೂ ಕಸ, ಅದೂ ಕಸ. ಜೇಕು ಅಂತೂ ಭಾಳ ಕೆಟ್ಟ, ಎಷ್ಟ ಕಿತ್ತರೂ ಮತ್ತ ಬರತೈತಿ. ಇದಕ್ಕ್ಯಾಕ ರೊಕ್ಕ ಹಾಕ್ತೀರಿ? ನಮ್ಮೂರಿಗೆ ಬರ್ರಿ, ಚೀಲ ತುಂಬಿ ಕೊಡ್ತೇನಿ."

ಮೋಸ ಆಗಬಾರದಲ್ಲ ಎಂಬ ಕಾಳಜಿ ಅವಳದು. ಇಷ್ಟು ದೊಡ್ಡ ಮಂದಿ ತಿಳಿಯದೆ ಕಸ ಕೊಂಡು ಹೋಗುತ್ತಿದ್ದಾರೆ, ಹೇಳುವವರು ಬೇಡವೇ? ಕೆಲವರು ನಕ್ಕರು. ಒಬ್ಬ ಹುಡುಗಿ ಶಾರವ್ವನ ಫೋಟೋ ತೆಗೆಯಲು ಮೊಬೈಲು ಎತ್ತಿದಳು, ಇವಳೂ ಮಾರಾಟಕ್ಕಿಟ್ಟ ಸಾಮಾನು ಅನ್ನುವ ಹಾಗೆ. ಶಾರವ್ವ ಸೆರಗನ್ನು ಮುಖದ ಮೇಲೆಳೆದುಕೊಂಡಳು. ಆ ಹುಡುಗಿಗೆ ಎರಡು ಮಾತು ಅನ್ನಬೇಕೆಂದು ನನ್ನ ನಾಲಿಗೆ ತುರಿಸಿತು.

ಸುಜಾತಾ ಚಹಾ ಹಿಡಿದು ಬರುವ ಹೊತ್ತಿಗೆ ಕನ್ನಡಕದ ಹೆಂಗಸು ಉತ್ತರಾಣಿಯ ಓಲೆಯನ್ನು ಕೈಯಲ್ಲಿ ಹಿಡಿದು ಪರ್ಸು ತೆಗೆಯುತ್ತಿದ್ದರು. ಜೋಡಿಯ ಇನ್ನೊಂದು ಶಾರವ್ವನ ಕೈಯಲ್ಲಿತ್ತು. ಅವಳು ಅದನ್ನು ತಿರುವಿ ಮುರುವಿ ನೋಡುತ್ತಿದ್ದಳು.

"ಇದು ಯಾವುದು?"

"ಉತ್ರಾಣಿ, ಅವ್ವಾ." ಸುಜಾತಾಳ ದನಿಯಲ್ಲಿ ಆಸೆ ತುಂಬಿತ್ತು.

"ಇದಲ್ಲ ಉತ್ರಾಣಿ. ಉತ್ರಾಣಿ ಮುಳ್ಳು ನೆಲಾ ನೋಡ್ತಾವ. ಮ್ಯಾಲಿಂದ ಕೆಳಗ ಬೆರಳು ಜಾರಿಸಿದ್ರ ಏನೂ ಆಗೂದಿಲ್ಲ. ಕೆಳಗಿಂದ ಮ್ಯಾಲ ಎಳದ್ರ ಅಂಗೈ ಹರೀತೈತಿ, ನೋಡಿಲ್ಲೆ." ಶಾರವ್ವ ಅಂಗೈ ಬಿಚ್ಚಿ ತೋರಿಸಿದಳು. ಅದರಲ್ಲಿ ತೋರಿಸಲು ಬೇಕಾದಷ್ಟಿತ್ತು. "ನೀ ಉಲ್ಟಾ ಮಾಡೀ. ಇಷ್ಟೂ ಗೊತ್ತಿಲ್ಲೇನ ನಿನಗ!"

ಹೇಳಿ ನಕ್ಕಳು. ಇಪ್ಪತ್ತು ವರ್ಷ ನಮ್ಮ ಹೊಲದಲ್ಲಿ ಕಂಡ ಶಾರವ್ವ ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕನ್ನಡಕದವರು ಓಲೆಯನ್ನು ಮೇಜಿನ ಮೇಲಿಟ್ಟು, ಆಮೇಲೆ ಬರುತ್ತೇನೆಂದು ಹೋದರು.

ಚಿತ್ರ ಬರೆದದ್ದು ನಾನು ಎಂದು ಆ ಗಳಿಗೆಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡೆ. ಜೀವಮಾನದಲ್ಲಿ ನಾನು ಬಗ್ಗಿದ್ದು ಅದೊಂದು ಸಲ, ಅದೂ ಮುಖ ಮುಚ್ಚಿಕೊಳ್ಳಲಿಕ್ಕೆ.

ಸುಜಾತಾ ಚಹಾವನ್ನು ಮೇಜಿನ ಮೇಲಿಟ್ಟಳು. "ನಿನಗ ಕಸ ಬಿಟ್ಟರ ಬ್ಯಾರೆ ಏನ್ ಗೊತ್ತೈತಿ?" ಎಂದಳು, ಸುತ್ತಲಿನವರಿಗೂ ಕೇಳುವಂತೆ.

ಶಾರವ್ವನ ನಗೆ ನಿಂತಿತು. ತನ್ನ ಕೈಚೀಲ ಎತ್ತಿಕೊಂಡು, ದಾರಿಯಲ್ಲಿ ಇಬ್ಬರನ್ನು ಬಸ್‌ಸ್ಟ್ಯಾಂಡು ಎಲ್ಲಿ ಎಂದು ಕೇಳಿಕೊಂಡು ಹೊರಟುಹೋದಳು.

ಸಂಜೆ ಡಬ್ಬಿಗೆ ತುಂಬುವಾಗ ಉತ್ತರಾಣಿಯ ಓಲೆ ಒಂದೇ ಇತ್ತು. ಮೇಜಿನ ಕೆಳಗೆ, ಬಟ್ಟೆಯ ಮಡಿಕೆಯಲ್ಲಿ, ಎಲ್ಲ ಹುಡುಕಿದೆವು. ಸುಜಾತಾ ನನ್ನೆದುರೇ ಫೋನು ಹಚ್ಚಿದಳು. "ಅವ್ವಾ, ಇನ್ನೊಂದು ಓಲೆ ಏನ್ ಮಾಡಿದಿ?"

"ಕಸಾ ಕಿತ್ತು ಒಗಿಯೂದ ನನ್ನ ಕಸಬು. ನಿನಗ ಗೊತ್ತಲ್ಲ," ಎಂದು ಶಾರವ್ವ ಫೋನಿಟ್ಟುಬಿಟ್ಟಳು.

ಒಂಬತ್ತು ದಿನದ ಕೆಲಸವನ್ನು ಅವ್ವ ಬಸ್ಸಿನ ಕಿಟಕಿಯಿಂದ ಒಗೆದಳೆಂದೇ ಸುಜಾತಾ ತಿಳಿದಳು. ನಾನೂ ಹಾಗೇ ತಿಳಿದೆ. ಮರುದಿನ ಏಳಕ್ಕೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಇವಳೂ ಮಾಡಲಿಲ್ಲ. ಹಟದಲ್ಲಿ ತಾಯಿ ಒಂದು ಕೈ ಮೇಲೋ ಮಗಳೋ ಹೇಳುವುದು ಕಷ್ಟ. ಚಿತ್ರದ ತಪ್ಪು ನನ್ನದೆಂದು ಹದಿನೈದು ದಿನದ ಮೇಲೆ ನಾನು ಒಪ್ಪಿಕೊಂಡೆ. "ಇರ್ಲಿ ಬಿಡ್ರಿ ಸರ್" ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಆರು ತಿಂಗಳು ಹಾಗೇ ಹೋದವು. ಅವಳು ಹೊಲದ ಕಸ ಮಾಡುವುದನ್ನು ನಿಲ್ಲಿಸಿದಳು. ಗುಲಾಬಿ, ಚಿಟ್ಟೆ, ಎಲ್ಲರ ಅಂಗಡಿಯಲ್ಲೂ ಸಿಗುವಂಥವು. ಮಾರಾಟವೇನೋ ಆಗುತ್ತಿತ್ತು. ಫೋಟೋ ಕಳಿಸುವುದನ್ನು ಬಿಟ್ಟಿದ್ದಳು. ಒಮ್ಮೆ ಸವಣೂರಿಗೆ ಹೋದಾಗ ನೋಡಿದೆ, ಸಂಜೆ ಏಳರ ಹೊತ್ತಿಗೆ ಸುತ್ತಿಗೆ ಕೆಳಗಿಟ್ಟು ಮೊಬೈಲನ್ನು ಎದುರಿಗಿಟ್ಟುಕೊಂಡು ಕುಳಿತಿದ್ದಳು. ಏಳೂಕಾಲಿಗೆ ಎದ್ದು ಅನ್ನಕ್ಕಿಟ್ಟಳು. ಒಬ್ಬಳಿಗೇ ಒಂದು ಮುಷ್ಟಿ ಅಕ್ಕಿ. ನನಗೆ ಅಲ್ಲಿ ಕೂಡಲಾಗಲಿಲ್ಲ.

ಜುಲೈ ತಿಂಗಳು ಭತ್ತದ ಕಸ ತೆಗೆಸಲು ನಾನು ತಿಳವಳ್ಳಿಗೆ ಹೋದೆ. ಗುಂಪಿನ ಹಿರಿಯಾಕೆ ಹಾಜರಾಬಿ, ಶಾರವ್ವನ ಜೊತೆ ಮೂವತ್ತು ವರ್ಷ ಸಾಲು ಹಿಡಿದವಳು. ಶಾರವ್ವ ನೀರು ತರಲು ಬೋರಿನ ಕಡೆಗೆ ಹೋಗಿದ್ದಳು. ಉಳಿದವರು ಹುಣಸೆ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು.

"ಸುಜಾತಾ ಆರಾಮ ಅದಾಳ್ರಿ ಮಾಸ್ತರ್ರ?" ಎಂದು ಹಾಜರಾಬಿ ಕೇಳಿದಳು.

"ಹೆಂಗ ಆರಾಮ ಇರ್ತಾಳವಾ? ಆಕಿ ಮಾಡಿದ್ದನ್ನ ತಾಯಿನ ಒಗದು ಬಂದ್ರ?"

ಹಾಜರಾಬಿ ಕೈಯಲ್ಲಿನ ರೊಟ್ಟಿ ಹಿಡಿದು ನನ್ನನ್ನೇ ನೋಡಿದಳು. "ಯಾರು ಒಗದಾರ್ರಿ? ಆ ಬೆಳ್ಳಿ ಉತ್ರಾಣಿ? ಯಪ್ಪಾ, ಅದು ಅಕಿ ಎಲಿ ಅಡಿಕಿ ಸಂಚ್ಯಾಗ ಐತ್ರಿ. ಹೊಸಾ ಹೊಲಕ್ಕ ಹೋದಲ್ಲೆಲ್ಲಾ ತಗದು ತೋರಸ್ತಾಳ. ಕೇಳಿ ಕೇಳಿ ನಮಗ ಸಾಕಾಗೈತಿ."

"ಏನಂತ ತೋರಸ್ತಾಳ?"

"'ನೋಡ್ರವಾ, ನನ್ನ ಮಗಳು ಮಾಡ್ಯಾಳ. ತಪ್ಪು ಮಾಡ್ಯಾಳ, ಮುಳ್ಳು ಉಲ್ಟಾ ಅದಾವ. ಉತ್ರಾಣಿ ಯಾವ ಕಡಿಗೆ ಬಗ್ಗತೈತಿ ಅಕಿಗೆ ಗೊತ್ತ ಇಲ್ಲ. ಒಂದ ದಿನಾನೂ ಕಸಾ ಕಿತ್ತಿಲ್ಲ ನನ್ನ ಮಗಳು.' ಹಿಂಗಂತಾಳ್ರಿ. ಹೇಳಿ ನಗತಾಳ."

ನಾನು ಬದುವಿನ ಮೇಲೆ ಕುಳಿತುಬಿಟ್ಟೆ. ಹುಡುಗಿಯ ಕಾಲ ಬಳಿ ಬಿದ್ದಿದ್ದ ಆ ಹೆಂಟೆ ನೆನಪಾಯಿತು. ಧಾರವಾಡದಲ್ಲಿ ನಕ್ಕ ನಗೆಯೂ ನೆನಪಾಯಿತು. ಅದನ್ನು ಹಂಗಿಸುವ ನಗೆ ಎಂದು ತಿಳಿದ ನಮ್ಮಿಬ್ಬರ ಓದಿಗೆ ಬೆಂಕಿ ಬೀಳಲಿ. ಅಲ್ಲಿಂದಲೇ ಸುಜಾತಾಗೆ ಫೋನು ಮಾಡಿ ಹಾಜರಾಬಿ ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆಯಿಂದ ಮೂಗು ಏರಿಸಿದ ಸದ್ದು ಕೇಳಿತು.

ಮರುದಿನ ಮೊದಲ ಬಸ್ಸಿಗೆ ಸವಣೂರಿನಿಂದ ಹೊರಟು, ಬಂಕಾಪುರದಲ್ಲಿ ಬದಲಿಸಿ, ಹಾನಗಲ್ಲಿನಲ್ಲಿ ಇನ್ನೊಮ್ಮೆ ಬದಲಿಸಿ ಹತ್ತು ಗಂಟೆಗೆ ಹೊಲದ ಹತ್ತಿರ ಇಳಿದಳು. ಒಂದು ಕಿವಿ ಬರಿದಾಗಿತ್ತು, ಇನ್ನೊಂದರಲ್ಲಿ ಉಳಿದ ಉತ್ತರಾಣಿ. ಚಪ್ಪಲಿ ಬಿಟ್ಟು ಸೀದಾ ಕೆಸರಿಗಿಳಿದು ಅವ್ವನ ಪಕ್ಕದ ಸಾಲಿನಲ್ಲಿ ಬಗ್ಗಿದಳು. ಶಾರವ್ವ ತಲೆ ಎತ್ತಲಿಲ್ಲ. ಕೈ ಮಾತ್ರ ಒಂದು ಗಳಿಗೆ ನಿಂತು ಮತ್ತೆ ನಡೆಯಿತು.

ಭತ್ತದ ಹೊಲದಲ್ಲಿ ಭತ್ತದಂತೆಯೇ ಕಾಣುವ ಒಂದು ಹುಲ್ಲು ಬೆಳೆಯುತ್ತದೆ. ಕಸ ಕೀಳುವವರಿಗಷ್ಟೇ ಅದರ ಗುರುತು. ಸುಜಾತಾ ಒಂದು ಬುಡ ಕಿತ್ತಳು.

"ಅದು ಭತ್ತ," ಎಂದಳು ಶಾರವ್ವ, ನೆಲ ನೋಡಿಕೊಂಡೇ.

ಇನ್ನೊಂದು ಕಿತ್ತಳು.

"ಅದೂ ಭತ್ತ."

ಮೂರನೆಯದಕ್ಕೆ ಇಡೀ ಸಾಲು ನಗತೊಡಗಿತು. ಶಾರವ್ವ ಸೊಂಟ ಹಿಡಿದು ಎದ್ದು ನಿಂತಳು. ಮಗಳ ಕಿವಿ ನೋಡಿದಳು. ಬಗ್ಗಿ ಒಂದು ಹಸಿ ಮಣ್ಣಿನ ಮುದ್ದೆ ಎತ್ತಿದಳು. "ಏಳ ಮ್ಯಾಲ! ಮಾಸ್ತರ ಪೀಕು ಹಾಳು ಮಾಡತಿ. ನಿನಗ ಬರೂದಿಲ್ಲ ಇದು, ಬರೂದೂ ಬ್ಯಾಡ!" ಎಂದು ಒಗೆದಳು. ಮುದ್ದೆ ಮಗಳಿಂದ ಒಂದು ಮಾರು ದೂರ ಬಿತ್ತು. ಅವತ್ತೂ ಅವಳು ಹೀಗೇ ತಪ್ಪಿಸಿಯೇ ಒಗೆದಿದ್ದಳು. ನನಗೆ ಕಂಡಿರಲಿಲ್ಲ.

ಮಧ್ಯಾಹ್ನ ಹುಣಸೆ ಮರದ ಕೆಳಗೆ ತಾಯಿ ಮಗಳು ಒಂದೇ ಬುತ್ತಿಯಲ್ಲಿ ಉಂಡರು. ಉಂಡಾದ ಮೇಲೆ ಸುಜಾತಾ ಮೆಲ್ಲಗೆ ಕೇಳಿದಳು: "ಅವ್ವಾ, ಅದನ್ನ ಕೊಡು. ಮುಳ್ಳು ತಿದ್ದಿ ತಂದು ಕೊಡ್ತೇನಿ."

ಶಾರವ್ವನ ಕೈ ಸೊಂಟದ ಸಂಚಿಯ ಮೇಲೆ ಬಿತ್ತು. "ತಿದ್ದಬ್ಯಾಡ. ಹಂಗ ಇರ್ಲಿ."

"ಹಂಗಾರ ಹಾಕ್ಕೋ. ಒಂದ ಕಿವಿಗೆ. ನಾ ಹಾಕ್ಕೊಂಡಿಲ್ಲೇನು?"

"ಹಾಕ್ಕೊಂಡ್ರ ನನಗ ಕಾಣಸೂದಿಲ್ಲವಾ," ಎಂದಳು ಶಾರವ್ವ. "ಸಂಚ್ಯಾಗ ಇದ್ರ ಬೇಕಂದಾಗ ತಗದು ನೋಡ್ತೇನಿ."

ಸುಜಾತಾ ಅವ್ವನ ಸೀರೆಯ ಅಂಚಿಗೆ ಹತ್ತಿದ್ದ ನಿಜವಾದ ಉತ್ತರಾಣಿಯ ನಾಲ್ಕು ಮುಳ್ಳುಗಳನ್ನು ಒಂದೊಂದಾಗಿ ಬಿಡಿಸುತ್ತ ಕುಳಿತಳು. ಬಿಡಿಸಿದ್ದನ್ನು ಬದುವಿಗೆ ಒಗೆಯದೆ ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ನಾಲ್ಕು ಗಂಟೆಯ ಬಸ್ಸಿಗೆ ಹೊರಟಳು. ಸವಣೂರಿನಲ್ಲಿ ಅವಳಿಗಾಗಿ ಕಾಯುವವರು ಯಾರೂ ಇಲ್ಲ, ಆದರೆ ಶನಿವಾರ ಹುಬ್ಬಳ್ಳಿಯ ಸಂತೆ ಇತ್ತು. ಕಳಿಸಲು ಶಾರವ್ವ ರಸ್ತೆಗೆ ಬರಲಿಲ್ಲ, ಅವಳ ಸಾಲು ಮುಗಿದಿರಲಿಲ್ಲ. ಬಗ್ಗಿದಲ್ಲಿಂದಲೇ, "ಮುಟ್ಟಿದ ಕೂಡ್ಲೆ ಫೋನು ಮಾಡು" ಎಂದು ಕೂಗಿದಳು. ಬಸ್ಸು ಹೊರಡುವವರೆಗೆ ತಲೆ ಎತ್ತಲಿಲ್ಲ. ಅದು ಹೊರಟ ಮೇಲೆ ನೆಟ್ಟಗೆ ನಿಂತು, ಕೆಸರು ಕೈಯನ್ನು ಸೀರೆಗೆ ಒರೆಸಿಕೊಂಡು, ಸಂಚಿಯ ದಾರ ಬಿಚ್ಚಿದಳು. ಗುಂಪಿಗೆ ಅವತ್ತೇ ಬಂದಿದ್ದ ರಟ್ಟೀಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳಿದ್ದಳು. ಅವಳನ್ನು ಹತ್ತಿರ ಕರೆದಳು.

"ಸುರು ಆತು ನೋಡ್ರಿ," ಎಂದಳು ಹಾಜರಾಬಿ ನನ್ನ ಕಡೆ ತಿರುಗಿ.

ಸುಜಾತಾ ಅದನ್ನು ನೋಡಲಿಲ್ಲ. ಅವಳ ಬಸ್ಸು ಆಗಲೇ ತಿರುವು ದಾಟಿ ಹಾನಗಲ್ಲ ದಾರಿ ಹಿಡಿದಿತ್ತು. ಅವಳು ಓದಲೆಂದೇ ಇದನ್ನು ಬರೆದಿದ್ದೇನೆ.